ಮೇಜು ಒರೆಸಿದ ದಿನ

ಕನ್ನಡಕದವರು ಆ ದಿನ ಬೆಳಿಗ್ಗೆ ಮೇಜು ಒರೆಸದೆ ಇದ್ದಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವರು ಒಮ್ಮೆಯೂ ಒರೆಸದ ಮೇಜು ಅದು. ಇನ್ನೊಂದು ದಿನ ಒರೆಸದಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ. ಆದರೆ ಕೆಲವರಿಗೆ ಒಳ್ಳೆಯ ಬುದ್ಧಿ ಬರುವುದೂ ನೆಗಡಿ ಬಂದ ಹಾಗೆ, ಸರಿಯಾಗಿ ಬರಬಾರದ ದಿನವೇ ಬರುತ್ತದೆ.

ಬೀದಿಯ ಮೂಲೆಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಹಾಗಾಗಿ ಅವರ ಮನೆಯಿದ್ದ ಕಟ್ಟಡದವರಿಗೆಲ್ಲ ಅವರು ಕನ್ನಡಕದವರು. ಬೀದಿಯ ಅರ್ಧ ಜನ ಅವರು ಕೊಟ್ಟ ಗಾಜಿನ ಮೂಲಕವೇ ಲೋಕ ನೋಡುತ್ತಾರೆ. ಗಿರಾಕಿಯ ಮೂಗು ಎಷ್ಟು ಅಗಲ, ಎಡಗಿವಿ ಬಲಗಿವಿಗಿಂತ ಎಷ್ಟು ಕೆಳಗಿದೆ ಎಂಬುದನ್ನು ಅವರು ಒಂದೇ ನೋಟಕ್ಕೆ ಹೇಳಬಲ್ಲರು. ಆದರೆ ಸಂಜೆ ಅಂಗಡಿಯ ಬಾಗಿಲು ಎಳೆದರೆಂದರೆ ಕಣ್ಣಿನ ಬಾಗಿಲನ್ನೂ ಜೊತೆಗೇ ಎಳೆದ ಹಾಗೆ. ಮನೆಯ ಗೋಡೆಗೆ ಹೊಸ ಬಣ್ಣ ಬಳಿದದ್ದು ಅವರಿಗೆ ಗೊತ್ತಾದದ್ದು ಆ ಬಣ್ಣ ಅಂಗಿಗೆ ಹತ್ತಿದ ಮೇಲೆ.

ಹೋದ ವರ್ಷ ಮಗಳ ಶಾಲೆಯ ಕಲಿಕಾ ಮೇಳಕ್ಕೆ ಇದೇ ಕಣ್ಣು ಕೈಕೊಟ್ಟಿತ್ತು. ಕಲಿಕಾ ಮೇಳವೆಂದರೆ ಮಕ್ಕಳು ತಾವೇ ಏನಾದರೂ ಹುಡುಕಿ, ಅಳೆದು, ಚಿತ್ರ ಬರೆದು, ಬಂದವರಿಗೆ ವಿವರಿಸುವ ದಿನ. ಮಗಳು ರಟ್ಟಿನಲ್ಲಿ ಒಂದು ಪುಟ್ಟ ಊರು ಕಟ್ಟಿದ್ದಳು. ಚಾವಣಿಗಳ ಬಣ್ಣ ಒಣಗಲಿ ಎಂದು ಅಪ್ಪನ ಕುರ್ಚಿಯ ಮೇಲೆ ಇಟ್ಟಿದ್ದಳು. ಅಪ್ಪ ಪೇಪರ್ ಓದುತ್ತ ಬಂದು ಆ ಊರಿನ ಮೇಲೆ ಕೂತುಬಿಟ್ಟರು. ಹುಡುಗಿ ಅಳಲಿಲ್ಲ, ರಂಪ ಮಾಡಲಿಲ್ಲ. ಚಪ್ಪಟೆಯಾದ ಮನೆಗಳನ್ನು ಒಂದೊಂದಾಗಿ ಎತ್ತಿಡುತ್ತ, "ಅಪ್ಪನಿಗೆ ಕಾಣಲಿಲ್ಲ" ಎಂದಷ್ಟೇ ಅಂದಳು. ಅತ್ತಿದ್ದರೆ ಒಂದು ಚಾಕೊಲೇಟಿನಲ್ಲಿ ಮುಗಿಯುತ್ತಿತ್ತು. ಆ ಮಾತು ಮಾತ್ರ ವರ್ಷವಿಡೀ ಅವರ ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು.

ಈ ವರ್ಷ ಹಾಗಾಗಬಾರದೆಂದು ಅವರು ಮೇಳದ ದಿನ ಅಂಗಡಿಗೇ ರಜೆ ಹಾಕಿದರು. ಬೆಳಿಗ್ಗೆ ಎದ್ದು, ಕಿಟಕಿಯ ಪಕ್ಕದ ತಮ್ಮ ಕುರ್ಚಿಯ ಮೇಲೆ ಯಾವ ಊರೂ ಇಲ್ಲವೆಂದು ಕೈಯಾಡಿಸಿ ಖಾತ್ರಿ ಮಾಡಿಕೊಂಡು ಕೂತರು. ಪೇಪರಿನಲ್ಲಿ ಅರ್ಧ ಪುಟ ಜಾಹೀರಾತು. ಬಸ್ ನಿಲ್ದಾಣದ ಎದುರು ಹೊಸದಾಗಿ ಶುರುವಾದ ಗಾಜಿನ ಬಾಗಿಲಿನ ಕನ್ನಡಕದ ಅಂಗಡಿಯದು. ಅದನ್ನು ನೋಡಿದರೆ ಅವರ ಮೈಯೆಲ್ಲ ಉರಿಯುತ್ತಿತ್ತು. ಆದರೂ ದಿನವೂ ಕೊನೆಯ ಸಾಲಿನವರೆಗೆ ಓದುತ್ತಿದ್ದರು.

ಶಾಲೆಯಲ್ಲಿ ಮಗಳ ಮೇಜು ಸಜ್ಜುಮಾಡಲು ತಾಯಿ ಮಗಳು ಮೊದಲೇ ಹೊರಟಿದ್ದರು. ಹೆಂಡತಿ ಬಾಗಿಲ ಬಳಿ ನಿಂತು, ಕನ್ನಡಕ ತೆಗೆದು ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು, "ಹೇಗಿದೆ?" ಎಂದಳು.

"ಚೆನ್ನಾಗಿದೆ," ಎಂದರು ಕನ್ನಡಕದವರು ಪೇಪರಿನ ಹಿಂದಿನಿಂದ. ಚಹಾದ ಬಗ್ಗೆ ಕೇಳಿದಳೆಂದೇ ಅವರ ಭಾವನೆ.

"ಸರಿ. ಮಧ್ಯಾಹ್ನ ಶಾಲೆಗೆ ಬನ್ನಿ. ಈ ಸಲನಾದ್ರೂ ಕಣ್ಣು ಬಿಟ್ಕೊಂಡು ಬನ್ನಿ."

ಆ ಮಾತು ಸರಿಯಾಗಿ ಆ ಮುಳ್ಳಿನ ಮೇಲೆಯೇ ಬಿತ್ತು. ತಾಯಿ ಮಗಳು ಹೋದ ಮೇಲೆ ಕನ್ನಡಕದವರು ಪೇಪರ್ ಮಡಿಸಿಟ್ಟು ಎದ್ದು ನಿಂತರು. ಸಂಜೆ ಹೆಂಡತಿ ಮಗಳು ಮನೆಗೆ ಬಂದಾಗ ಬೆರಗಾಗಬೇಕು, ಹಾಗೆ ಮನೆಯನ್ನು ಥಳಥಳ ಮಾಡಿಬಿಡುತ್ತೇನೆ ಎಂದು ತೀರ್ಮಾನಿಸಿದರು. ಬಟ್ಟೆಯೊಂದನ್ನು ಹುಡುಕಿದರು. ಅದು ಹೆಂಡತಿಯ ಒಳ್ಳೆಯ ಟವೆಲ್ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅದು ಈ ಕತೆಗೆ ಬೇಕಾಗಿಯೂ ಇಲ್ಲ.

ಮೊದಲು ಒರೆಸಹೊರಟದ್ದೇ ಕುರ್ಚಿಯ ಪಕ್ಕದ ಪುಟ್ಟ ಮೇಜನ್ನು. ದಿನವೂ ಚಹಾದ ಲೋಟ ಇಡುವ ಜಾಗ. ಲೋಟ ಎತ್ತಿದರು. ಲೋಟದ ಪಕ್ಕದಲ್ಲೇ ಒಂದು ತಟ್ಟೆ, ತಟ್ಟೆಯಲ್ಲಿ ಒಂದು ಬ್ರೆಡ್ ತುಂಡು. ತುಂಡು ಎನ್ನುವುದಕ್ಕಿಂತ ಅದೊಂದು ಪ್ರಾಣಿ. ಮೈತುಂಬ ಹಸಿರು ರೋಮ, ನಡುವೆ ಬೂದು ಗಡ್ಡ.

"ಥೂ, ಎಂಥಾ ಮನೆ ಇದು. ಯಾರಿಗೂ ಕಣ್ಣೇ ಇಲ್ವಾ?" ಎಂದು ಕನ್ನಡಕದವರು ಖಾಲಿ ಮನೆಯನ್ನು ಗದರಿಸಿದರು. ಹಾಗೆ ಗದರಿಸುವ ಅವಕಾಶ ಅವರಿಗೆ ಸಿಕ್ಕಿದ್ದು ಜೀವನದಲ್ಲಿ ಅದೇ ಮೊದಲು, ಆದ್ದರಿಂದ ಇನ್ನೊಮ್ಮೆ ಗದರಿಸಿದರು. ತಟ್ಟೆಯನ್ನು ಮೈಯಿಂದ ದೂರ ಹಿಡಿದು ಮೆಟ್ಟಿಲಿಳಿದರು. ಕಸದ ಲಾರಿ ಆಗ ತಾನೇ ಹೊರಡುತ್ತಿತ್ತು. ಹಿಂದೆ ನಾಲ್ಕು ಹೆಜ್ಜೆ ಓಡಿ ಬ್ರೆಡ್ಡನ್ನು ಅದರೊಳಗೆ ಎಸೆದರು. ಮೇಲೆ ಬಂದು ತಟ್ಟೆಯನ್ನು ಸೋಪು ಹಾಕಿ ತಿಕ್ಕಿ, ಮೇಜು ಒರೆಸಿ, ಸೊಂಟಕ್ಕೆ ಕೈಯಿಟ್ಟು ನಿಂತರು. ಹೊಗಳುವುದಕ್ಕೆ ಒಬ್ಬರಾದರೂ ಮನೆಯಲ್ಲಿ ಇರಬೇಕಿತ್ತು ಎನ್ನಿಸಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ರೀ, ನಿಮ್ಮ ಕುರ್ಚಿ ಪಕ್ಕ ಮೇಜಿನ ಮೇಲೆ ತಟ್ಟೇಲಿ ಒಂದು ಬ್ರೆಡ್ ತುಂಡು ಇದೆಯಾ?"

ಕನ್ನಡಕದವರು ಕೈಯಲ್ಲಿದ್ದ ಒದ್ದೆ ಟವೆಲ್ ಕಡೆ ನೋಡಿದರು. "ಯಾಕೆ?"

"ಇದೆಯಾ ಇಲ್ವಾ ಅಷ್ಟು ಹೇಳಿ. ಮಗಳ ಪ್ರಾಜೆಕ್ಟ್ ಅದು."

ಅವರ ಕಣ್ಣ ಮುಂದೆ ಚಪ್ಪಟೆಯಾದ ರಟ್ಟಿನ ಊರು ಸುಳಿಯಿತು. ಹೋದ ವರ್ಷ ಊರು, ಈ ವರ್ಷ ಬ್ರೆಡ್ಡು. ನಾಲಿಗೆ ಮನಸ್ಸನ್ನು ಕೇಳದೆಯೇ ಉತ್ತರಿಸಿತು. "ಇದೆ, ಇದೆ. ಇಲ್ಲೇ ಇದೆ."

"ಇನ್ನೂ ಇದೆಯಾ?" ಎಂದಳು ಹೆಂಡತಿ. ಅವಳ ದನಿ ಯಾಕೋ ಸಪ್ಪಗಾಗಿತ್ತು. "ಸರಿ ಬಿಡಿ. ಬರೋವಾಗ ತಟ್ಟೆ ಸಮೇತ ತಂದ್ಬಿಡಿ. ಮುಟ್ಟಬೇಡಿ, ಅಲ್ಲಾಡಿಸಬೇಡಿ. ಇದ್ದ ಹಾಗೇ ತನ್ನಿ."

ಇದ್ದ ಹಾಗೆ ತರಲು ಇದ್ದದ್ದು ಬರೀ ತಟ್ಟೆ, ಅದೂ ಫಳಫಳ ಹೊಳೆಯುತ್ತಿತ್ತು. ಬೂಷ್ಟು ಹೇಗೆ ಬೆಳೆಯುತ್ತದೆಂದು ತೋರಿಸಲು ಆ ಮಗು ವಾರಗಟ್ಟಲೆ ಕಾದು ಸಾಕಿದ ಬ್ರೆಡ್ಡು ಅದು ಎಂದು ಅವರಿಗೆ ಈಗ ಸ್ಪಷ್ಟವಾಯಿತು. ಕಿಟಕಿಯಿಂದ ನೋಡಿದರು. ಲಾರಿ ಮಾಯವಾಗಿತ್ತು. ಮಧ್ಯಾಹ್ನದೊಳಗೆ ಬೇರೊಂದು ಬೂಷ್ಟು ಹಿಡಿದ ಬ್ರೆಡ್ ಸಂಪಾದಿಸದೆ ಬೇರೆ ದಾರಿಯಿರಲಿಲ್ಲ. ಬ್ರೆಡ್ ಕೆಡುವುದೇನು ದೊಡ್ಡ ವಿಷಯವೇ, ಲೋಕದಲ್ಲಿ ಎಲ್ಲರ ಮನೆಯಲ್ಲೂ ಕೆಡುತ್ತದೆ ಎಂದು ಧೈರ್ಯ ತಂದುಕೊಂಡರು. ಎಲ್ಲರ ಮನೆಯಲ್ಲೂ ಕೆಡುತ್ತದೆ, ನಿಜ. ಆದರೆ ಕೆಟ್ಟಿದೆಯೆಂದು ಯಾರೂ ಒಪ್ಪುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಎದುರು ಮನೆಯ ನರ್ಸ್ ಡ್ಯೂಟಿಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದಳು.

"ಸಿಸ್ಟರ್, ಒಂದು ಸಣ್ಣ ಸಹಾಯ ಆಗಬೇಕಿತ್ತು. ನಿಮ್ಮನೇಲಿ ಬೂಷ್ಟು ಹಿಡಿದ ಬ್ರೆಡ್ ಏನಾದ್ರೂ ಇದೆಯಾ?"

ನರ್ಸಿನ ಕೈ ಬೀಗದಲ್ಲೇ ನಿಂತಿತು. "ನಮ್ಮನೇಲಾ?"

"ಅಂದ್ರೆ, ಇದ್ದೇ ಇರುತ್ತೆ ಅಂತಲ್ಲ. ಅಕಸ್ಮಾತ್ ಇದ್ರೆ."

ಅವಳು ಅವರನ್ನು ಮೇಲಿಂದ ಕೆಳಗೆ ನೋಡಿ, ಬಂದು ಮಣಿಕಟ್ಟು ಹಿಡಿದಳು. "ಯಾವಾಗಿಂದ ತಿನ್ಬೇಕು ಅನ್ನಿಸ್ತಾ ಇದೆ?"

"ಅಯ್ಯೋ, ನನಗಲ್ಲ ಸಿಸ್ಟರ್. ಮಗಳಿಗೆ."

ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು. "ಮಗೂಗೆ ಕೊಡ್ತೀರಾ?"

"ತಿನ್ನೋಕಲ್ಲ. ತೋರಿಸೋಕೆ. ಇದ್ದದ್ದನ್ನ ನಾನು ಬೆಳಿಗ್ಗೆ..." ಎಂದು ಶುರುಮಾಡಿದರು. ಆದರೆ ಈ ವಿಷಯ ನರ್ಸಿನ ಕಿವಿಗೆ ಬಿದ್ದರೆ ಹೆಂಡತಿಯ ಕಿವಿಗೆ ಬೀಳಲು ಹೆಚ್ಚು ಹೊತ್ತು ಬೇಡ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಅರ್ಧಕ್ಕೆ ನಿಂತ ಮಾತು ಇಡೀ ಮಾತಿಗಿಂತ ಕೆಟ್ಟದಾಗಿ ಕೇಳಿಸಿತು.

"ನೀರು ಜಾಸ್ತಿ ಕುಡೀರಿ, ಬಿಸಿಲಿಗೆ ಹೋಗಬೇಡಿ," ಎಂದು ಹೇಳಿ ನರ್ಸ್ ಮೆಟ್ಟಿಲಿಳಿದಳು. ಕೆಳಗೆ ಸಂಘದ ಕಾರ್ಯದರ್ಶಿಗಳ ಮನೆ ಬಾಗಿಲಲ್ಲಿ ಅವಳ ಚಪ್ಪಲಿಯ ಸದ್ದು ನಿಂತದ್ದು ಕನ್ನಡಕದವರಿಗೆ ಕೇಳಿಸಿತು. ಏನೋ ಪಿಸುಪಿಸು ನಡೆಯಿತು.

ಮುಂದಿನ ಪ್ರಯತ್ನ ಬೇಕರಿ. ಅಲ್ಲಿ ಬಾಗಿಲವರೆಗೆ ಜನ. ತಮ್ಮ ಸರದಿ ಬಂದಾಗ ಕನ್ನಡಕದವರು ದನಿ ತಗ್ಗಿಸಿ, "ಹಳೇ ಬ್ರೆಡ್ ಇದೆಯಾ?" ಎಂದರು.

"ನಿನ್ನೆಯದು ಇದೆ. ಕೊಡಲಾ?"

"ಇನ್ನೂ ಹಳೇದು."

"ಮೊನ್ನೆಯದು ಒಂದು ಉಳಿದಿರಬಹುದು. ಟೋಸ್ಟ್ ಮಾಡಿದ್ರೆ ಚೆನ್ನಾಗಿರುತ್ತೆ."

"ಅದಕ್ಕಿಂತ ಹಳೇದು. ಬೂಷ್ಟು ಬಂದಿರೋದು. ನಿಮ್ಮ ಹತ್ರ ಖಂಡಿತ ಇರುತ್ತೆ ಅಂತ ಬಂದೆ."

ಹಿಂದಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಬನ್ನುಗಳನ್ನು ಮೆಲ್ಲಗೆ ವಾಪಸ್ ಇಟ್ಟು ಹೊರನಡೆದಳು. ಅವಳ ಹಿಂದೆ ಇನ್ನಿಬ್ಬರು. ಬೇಕರಿಯವನು ಏಪ್ರನ್ನಿಗೆ ಕೈ ಒರೆಸಿಕೊಂಡು ಕೌಂಟರಿನ ಈಚೆ ಬಂದ.

"ಕನ್ನಡಕದವ್ರೇ, ನಾನು ಯಾವತ್ತಾದ್ರೂ ನಿಮ್ಮ ಅಂಗಡಿಗೆ ಬಂದು ಹತ್ತು ಜನರೆದುರು 'ಏನೂ ಕಾಣದ ಕನ್ನಡಕ ಇದೆಯಾ, ನಿಮ್ಮ ಹತ್ರ ಖಂಡಿತ ಇರುತ್ತೆ' ಅಂತ ಕೇಳಿದೀನಾ?"

ನ್ಯಾಯವಾದ ಪ್ರಶ್ನೆ. ಅವರು ಒಂದು ತಾಜಾ ಬ್ರೆಡ್ಡನ್ನೇ ಕೊಂಡು ತಲೆ ತಗ್ಗಿಸಿ ಹೊರಬಂದರು.

ಮನೆಗೆ ಬಂದು, ತಾಜಾ ತುಂಡಿಗೆ ತಾವೇ ಬೂಷ್ಟು ಬರಿಸುವುದೆಂದು ಹೊರಟರು. ಮಗಳ ಬಣ್ಣದ ಡಬ್ಬಿ ತೆಗೆದು ಬ್ರೆಡ್ಡಿಗೆ ಹಸಿರು ಬಳಿದರು. ಬ್ರೆಡ್ ಹಸಿರನ್ನು ಹೀರಿ ಒದ್ದೆಯಾಗಿ ಕುಸಿಯಿತು. ರೋಮ ಬೇಕಲ್ಲ, ಬಟ್ಟೆಯ ಬ್ರಷ್ಷಿನಿಂದ ಒಂದಿಷ್ಟು ಜೂಲು ಕಿತ್ತು ಅಂಟಿಸಿದರು. ಬೂದು ಗಡ್ಡಕ್ಕೆ ಟಾಲ್ಕಮ್ ಪೌಡರ್ ಉದುರಿಸಿದರು. ದೂರ ನಿಂತು ನೋಡಿದರೆ ಯಾರೋ ಗಿಳಿಗೆ ಕ್ಷೌರ ಮಾಡಿ ಅರ್ಧಕ್ಕೆ ಎದ್ದುಹೋದಂತಿತ್ತು. ಘಮಘಮ ಬೇರೆ. ಕನ್ನಡಕದವರು ತಲೆಯ ಮೇಲೆ ಕೈ ಹೊತ್ತು ಕೂತರು. ಅವರಿಗೆ ನಿಜವಾಗಿ ಅಳು ಬಂದಿತ್ತು. ಮೇಳದ ಬಹುಮಾನ ಹೋದರೆ ಹೋಗಲಿ. ಆ ಹುಡುಗಿ ಮತ್ತೆ ಅದೇ ತಣ್ಣಗಿನ ದನಿಯಲ್ಲಿ "ಅಪ್ಪನಿಗೆ ಕಾಣಲಿಲ್ಲ" ಎಂದುಬಿಟ್ಟರೆ ತಡೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಆಗ ಬಾಗಿಲು ಬಡಿಯಿತು. ಕಾರ್ಯದರ್ಶಿಗಳು.

ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರು ಕಾರ್ಯದರ್ಶಿ. ನಿವೃತ್ತರು, ಇಸ್ತ್ರಿ ಅಂಗಿ, ಎದೆಯ ಜೇಬಿನಲ್ಲಿ ಪೆನ್ನು. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ 'ಸ್ವಚ್ಛತೆ ಕಾಪಾಡಿ' ಎಂದು ಅವರ ಕೈಬರಹದ ಚೀಟಿ ಅಂಟಿರುತ್ತದೆ. ಯಾರ ಮನೆಯ ಬಾಗಿಲಲ್ಲಿ ಈರುಳ್ಳಿ ಸಿಪ್ಪೆ ಬಿದ್ದರೂ ಆ ಸಿಪ್ಪೆಯ ಮಾಲೀಕರನ್ನು ಪತ್ತೆಹಚ್ಚದೆ ಬಿಡುವವರಲ್ಲ.

"ಏನ್ರೀ ಇದು, ಬೂಷ್ಟು ಹಿಡಿದ ಬ್ರೆಡ್ ಕೇಳ್ಕೊಂಡು ಮನೆಮನೆ ಅಲೀತಾ ಇದೀರಂತೆ?" ಎಂದರು ಗಟ್ಟಿಯಾಗಿ, ಕಟ್ಟಡಕ್ಕೆಲ್ಲ ಕೇಳುವಂತೆ. "ಇದು ಮರ್ಯಾದಸ್ಥರು ಇರೋ ಜಾಗ. ಇಲ್ಲಿ ಅಂಥದ್ದೆಲ್ಲ ಸಿಗಲ್ಲ."

ಆಮೇಲೆ ಒಳಗೆ ಬಂದು ಬಾಗಿಲು ಮುಚ್ಚಿ, ಚಿಲಕ ಹಾಕಿ, ಕಿವಿಯ ಹತ್ತಿರ ಬಂದರು. "ಯಾವ ಹಂತದ್ದು ಬೇಕು?"

ಕನ್ನಡಕದವರು ಕಕ್ಕಾಬಿಕ್ಕಿಯಾದರು. "ಅಂದ್ರೆ?"

"ನಮ್ಮನೆಯವಳು ತಂಗಿ ಮನೆಗೆ ಹೋಗಿ ತಿಂಗಳಾಯ್ತು," ಎಂದರು ಕಾರ್ಯದರ್ಶಿಗಳು, ನೆಲ ನೋಡುತ್ತ. "ಅಡುಗೆಮನೆ ಕಡೆ ನಾನು ಹೋಗ್ತಾ ಇಲ್ಲ. ಹೋಗೋಕೆ ಧೈರ್ಯ ಸಾಲ್ತಾ ಇಲ್ಲ. ಬಿಳೀದು, ಹಸಿರು, ಕಪ್ಪು, ಎಲ್ಲಾ ಇದೆ. ಒಂದರ ಮೇಲೆ ಏನೋ ಕಿತ್ತಳೆ ಬಣ್ಣದ್ದು ಬಂದಿದೆ."

"ಹಸಿರು ಸಾಕು ಸಾರ್. ನಡುವೆ ಸ್ವಲ್ಪ ಬೂದು ಇದ್ರೆ ಒಳ್ಳೇದು."

"ಕೊಡ್ತೀನಿ. ಆದ್ರೆ ಇದು ನನ್ನ ಮನೆಯಿಂದ ಬಂತು ಅಂತ ಪ್ರಾಣ ಹೋದ್ರೂ ಬಾಯಿ ಬಿಡಬಾರದು. ಮುಂದಿನ ವಾರ ಸಂಘದ ಚುನಾವಣೆ ಇದೆ."

ಕನ್ನಡಕದವರು ಅವರ ಕೈ ಹಿಡಿದು ಮಾತು ಕೊಟ್ಟರು. ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಗಳು ಪೇಪರಿನಲ್ಲಿ ಸುತ್ತಿದ ಪೊಟ್ಟಣವನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಂಡು ಬಂದು ಕೊಟ್ಟು, ಏನೂ ಆಗದವರಂತೆ ಸೀಟಿ ಹೊಡೆಯುತ್ತ ಇಳಿದುಹೋದರು. ಬಿಚ್ಚಿದರೆ, ಆಹಾ, ಬೂಷ್ಟೆಂದರೆ ಅದು. ಹಸಿರು ಮಖಮಲ್ಲಿನ ಮೇಲೆ ಬೂದು ಗಡ್ಡ. ಬೆಳಿಗ್ಗೆಯ ಬ್ರೆಡ್ ಸರಿಯಾಗಿ ಹೇಗಿತ್ತೆಂದು ಅವರಿಗೆ ನೆನಪಿರಲಿಲ್ಲ, ಆದರೂ ಅದರ ಅವಳಿಯೇ ಇದು ಎಂದು ಸಮಾಧಾನಪಟ್ಟುಕೊಂಡರು. ತಟ್ಟೆಯಲ್ಲಿಟ್ಟು, ಮೇಲೆ ಗಾಜಿನ ಬಟ್ಟಲು ಕವುಚಿ, ಬಸ್ ಹತ್ತಿದರು. ಬಸ್ಸಿನಲ್ಲಿ ಜನ ಅವರ ಮಡಿಲನ್ನು ಒಮ್ಮೆ ನೋಡಿ ಇಡೀ ಸೀಟನ್ನು ಅವರಿಗೇ ಬಿಟ್ಟುಕೊಟ್ಟರು.

ಶಾಲೆಯ ಸಭಾಂಗಣ ಜೇನುಗೂಡಿನಂತೆ ಗುಂಯ್ಗುಡುತ್ತಿತ್ತು. ಸಾಲು ಸಾಲು ಮೇಜುಗಳು. ಒಬ್ಬ ಹುಡುಗ ಬೇರೆ ಬೇರೆ ಕಾಗದದ ವಿಮಾನ ಹಾರಿಸಿ ಯಾವುದು ದೂರ ಹೋಗುತ್ತದೆಂದು ತೋರಿಸುತ್ತಿದ್ದ. ಪ್ರತಿ ವಿಮಾನವೂ ಹೋಗಿ ಹೆಡ್‌ಮಿಸ್ಸಿನ ತಲೆಗೇ ಬಡಿಯುತ್ತಿತ್ತು. ಒಬ್ಬಳು ತನ್ನ ಅಜ್ಜಿಯ ಮುಖವನ್ನು ಗುಂಡಿಗಳಲ್ಲಿ ಮಾಡಿದ್ದಳು. ಅಜ್ಜಿ ಪಕ್ಕದಲ್ಲೇ ಕೂತು ಇದು ತಾನಲ್ಲವೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬಹುಮಾನದ ರಿಬ್ಬನ್ ಕಟ್ಟಲು ಶಾಲೆಯವರು ಅತಿಥಿಯೊಬ್ಬರನ್ನು ಕರೆಸಿದ್ದರು. ಅವರು ಯಾರೆಂದರೆ, ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು. ಕಾರ್ಯದರ್ಶಿಗಳು ಕನ್ನಡಕದವರನ್ನೂ ತಟ್ಟೆಯನ್ನೂ ಕಂಡು ತಕ್ಷಣ ಆಯಸ್ಕಾಂತದ ಮೇಜಿನ ಕಡೆ ತಿರುಗಿದರು.

ಮಗಳು ತನ್ನ ಮೇಜಿನ ಹಿಂದೆ ನಿಂತಿದ್ದಳು. ಪಕ್ಕದಲ್ಲಿ ತಾಯಿ. ಗೋಡೆಯ ಮೇಲೆ ದೊಡ್ಡ ಹಾಳೆಯೊಂದಕ್ಕೆ ಬಟ್ಟೆಯ ಪರದೆ. ಕನ್ನಡಕದವರು ಬೆವರು ಒರೆಸಿಕೊಂಡು, ಗೆದ್ದ ನಗುವಿನೊಂದಿಗೆ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ತಗೋ ಪುಟ್ಟಿ. ಇದ್ದ ಹಾಗೇ ತಂದಿದೀನಿ. ಒಂದು ಕೂದಲೂ ಕೊಂಕಿಲ್ಲ."

ಮಗಳು ತಟ್ಟೆ ನೋಡಿದಳು. ಕುಣಿಯುತ್ತಾಳೆಂದುಕೊಂಡಿದ್ದರು, ಕುಣಿಯಲಿಲ್ಲ. "ಹೂಂ," ಎಂದಳು. ಅಷ್ಟೆ.

ಅವಳ ತರಗತಿಯ ಮಿಸ್ ಜನರನ್ನು ಸೇರಿಸಿಕೊಂಡು ಬಂದರು. ಕಾರ್ಯದರ್ಶಿಗಳನ್ನೂ ಎಳೆದು ತಂದರು. "ಎಲ್ಲರೂ ಬಂದ್ರು, ಶುರುಮಾಡಮ್ಮ."

ಮಗಳು ಪರದೆಯ ಮೇಲಿನ ಅರ್ಧ ಸರಿಸಿದಳು. ಕನ್ನಡಕದವರು ಓದಿದರು. ಮತ್ತೊಮ್ಮೆ ಓದಿದರು. ದೊಡ್ಡ ಬಣ್ಣದ ಅಕ್ಷರಗಳಲ್ಲಿ ಬರೆದಿತ್ತು: 'ನಮ್ಮ ಅಪ್ಪನಿಗೆ ಯಾವಾಗ ಕಾಣುತ್ತದೆ?'

ಕೆಳಗೆ ಜಲವರ್ಣದ ಚಿತ್ರಗಳ ಸಾಲು. ಎಲ್ಲದರಲ್ಲೂ ಕಿಟಕಿ, ಕುರ್ಚಿ, ಪೇಪರ್, ಪೇಪರಿನ ಹಿಂದಿನಿಂದ ಇಣುಕುವ ಬೋಳುತಲೆ. ಪಕ್ಕದ ಮೇಜಿನ ಮೇಲೆ ಚಹಾದ ಲೋಟ ಮತ್ತು ಬ್ರೆಡ್. ಮೊದಲ ಚಿತ್ರದಲ್ಲಿ ಬ್ರೆಡ್ ಬೆಳ್ಳಗೆ. ಆಮೇಲೆ ಒಂದು ಹಸಿರು ಚುಕ್ಕೆ, ಚುಕ್ಕೆ ಮಚ್ಚೆಯಾಗಿ, ಮಚ್ಚೆಗೆ ಕೂದಲು ಬಂದು, ಕೊನೆಯ ಚಿತ್ರದಲ್ಲಿ ಪೂರ್ತಿ ಕಾಡಾಗಿತ್ತು. ಬೋಳುತಲೆ ಮಾತ್ರ ಎಲ್ಲದರಲ್ಲೂ ಒಂದೇ ಥರ ಇತ್ತು.

"ಅಪ್ಪ ಕನ್ನಡಕದ ಅಂಗಡಿಯವರು," ಎಂದು ಮಗಳು ಗಟ್ಟಿಯಾಗಿ ಹೇಳತೊಡಗಿದಳು. "ಮೂರು ವಾರದ ಹಿಂದೆ ಅವರ ಲೋಟದ ಪಕ್ಕ ನಾನೊಂದು ಬ್ರೆಡ್ ಇಟ್ಟೆ. ಅದನ್ನ ಅಪ್ಪ ಯಾವಾಗ ನೋಡಿ ಎಸೀತಾರೆ ಅನ್ನೋದು ನನ್ನ ಪ್ರಶ್ನೆ. ಏನು ಇಟ್ಟಿದೀನಿ ಅಂತ ಹೇಳದೆ ಎಲ್ಲರ ಊಹೆ ಕೇಳಿದೆ. ಅಮ್ಮ, ನೋಡೋದೇ ಇಲ್ಲ ಅಂದ್ರು. ಎದುರುಮನೆ ಸಿಸ್ಟರ್, ನೋಡೋದೇ ಇಲ್ಲ ಅಂದ್ರು. ಮೇಳದ ದಿನದೊಳಗೆ ಖಂಡಿತ ನೋಡ್ತಾರೆ ಅಂತ ನಾನು ಒಬ್ಬಳೇ ಬರೆದಿದ್ದೆ." ಅವಳು ತಟ್ಟೆಯ ಕಡೆ ಕೈ ತೋರಿಸಿದಳು. "ಇವತ್ತು ಅಮ್ಮ ಫೋನ್ ಮಾಡಿ ಕೇಳಿದ್ರು. ಇನ್ನೂ ಅಲ್ಲೇ ಇತ್ತು. ನನ್ನ ಊಹೆ ತಪ್ಪು."

ಜನ ಗೊಳ್ಳೆಂದರು. ಕಾಗದದ ವಿಮಾನದ ಹುಡುಗನೂ ಆಟ ಬಿಟ್ಟು ಬಂದು ನಕ್ಕ. ಕನ್ನಡಕದವರಿಗೆ ನಗುವಿನ ಸದ್ದು ಕೇಳಿಸಲಿಲ್ಲ, ಮಗಳ ಮುಖವಷ್ಟೇ ಕಾಣುತ್ತಿತ್ತು. ಇಡೀ ಕಟ್ಟಡದಲ್ಲಿ ತನ್ನನ್ನು ನಂಬಿದ್ದು ಈ ಮಗು ಒಂದೇ. ಅವಳ ಊಹೆಯನ್ನು ತಾನು ಗೆಲ್ಲಿಸಿದ್ದೆ. ಗೆಲ್ಲಿಸಿದ್ದನ್ನು ಬೆಳಿಗ್ಗೆಯಿಂದ ಬೀದಿ ಬೀದಿ ಅಲೆದು ತಾನೇ ಸೋಲಿಸಿ, ತಟ್ಟೆಯಲ್ಲಿಟ್ಟು ತಂದುಕೊಟ್ಟಿದ್ದೇನೆ.

"ಪುಟ್ಟಿ, ನಾನು ನೋಡಿದೆ," ಎಂದರು. "ಬೆಳಿಗ್ಗೆನೇ ನೋಡಿದೆ. ನೋಡಿ ಎಸೆದೆ. ಇದು ಆ ಬ್ರೆಡ್ ಅಲ್ಲ."

ಈ ಸಲ ಎಲ್ಲರೂ ಇನ್ನೂ ಜೋರಾಗಿ ನಕ್ಕರು.

"ಮತ್ತೆ ಫೋನಲ್ಲಿ ಇದೆ, ಇದೆ ಅಂದ್ರಲ್ಲ?" ಎಂದಳು ಹೆಂಡತಿ.

"ಸುಳ್ಳು ಹೇಳಿದೆ. ಮಗೂಗೆ ಬೇಜಾರಾಗುತ್ತೆ ಅಂತ. ಆಮೇಲೆ ಬೇರೆಯವರ ಹತ್ರ ಈ ಬ್ರೆಡ್ ಇಸ್ಕೊಂಡು ಬಂದೆ."

"ಬೂಷ್ಟು ಹಿಡಿದ ಬ್ರೆಡ್ ಮನೇಲಿ ಇಟ್ಕೊಂಡು, ಕೇಳಿದ ಕೂಡಲೇ ಕೊಡೋರು ಯಾರ್ರೀ ಅದು?" ಎಂದು ಮಿಸ್ ಕುತೂಹಲದಿಂದ ಕೇಳಿದರು.

ಕನ್ನಡಕದವರು ಕಾರ್ಯದರ್ಶಿಗಳ ಕಡೆ ನೋಡಿದರು. ಕೊಟ್ಟ ಮಾತು ನಾಲಿಗೆಯ ತುದಿಯಲ್ಲಿ ಕೂತು ಕಾಲಾಡಿಸುತ್ತಿತ್ತು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, "ನಮ್ಮ ಕಟ್ಟಡದಲ್ಲಂತೂ ಅಂಥವರು ಯಾರೂ ಇಲ್ಲ. ಅಷ್ಟು ನಾನು ಬರೆದು ಕೊಡ್ತೀನಿ," ಎಂದರು.

ನೀರಿನಿಂದ ಆಚೆ ಬಿದ್ದ ಮೀನಿನ ಹಾಗಾಗಿತ್ತು ಕನ್ನಡಕದವರ ಪಾಡು.

ಮಗಳು ಮಾತ್ರ ನಗುತ್ತಿರಲಿಲ್ಲ. ಅಪ್ಪನ ಅಂಗಡಿಯಿಂದ ತಂದಿದ್ದ ಭೂತಗನ್ನಡಿ ಎತ್ತಿಕೊಂಡು, ಗಾಜಿನ ಬಟ್ಟಲು ಸರಿಸಿ, ಬ್ರೆಡ್ಡಿನ ಮೇಲೆ ಬಗ್ಗಿದಳು. ಮೂರು ವಾರ ದಿನವೂ ನೋಡಿ ನೋಡಿ ಬರೆದವಳು ಅವಳು. ಆ ಬ್ರೆಡ್ಡಿನ ಒಂದೊಂದು ಮಚ್ಚೆಯೂ ಅವಳಿಗೆ ತನ್ನ ಅಂಗೈಯಷ್ಟು ಗುರುತು. ಕೊನೆಯ ಚಿತ್ರ ನೋಡಿದಳು, ತಟ್ಟೆ ನೋಡಿದಳು.

"ಮಿಸ್, ಇದು ನನ್ನ ಬ್ರೆಡ್ ಅಲ್ಲ. ನನ್ನದರಲ್ಲಿ ಮೂಲೇಲಿ ಬಾತುಕೋಳಿ ಥರ ಮಚ್ಚೆ ಇತ್ತು. ಇದರಲ್ಲಿಲ್ಲ. ಇದರ ಅಂಚಲ್ಲಿ ಎಳ್ಳು ಇದೆ. ನಮ್ಮನೇಲಿ ಎಳ್ಳಿನ ಬ್ರೆಡ್ ತರೋದೇ ಇಲ್ಲ." ಅವಳು ತಲೆಯೆತ್ತಿದಳು. ಕಣ್ಣು ಮಿನುಗುತ್ತಿತ್ತು. "ಅಪ್ಪ ನಿಜವಾಗ್ಲೂ ನೋಡಿದಾರೆ."

ನಗು ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳಿಗೆ ಇದ್ದಕ್ಕಿದ್ದಂತೆ ಎಲ್ಲೋ ತುರ್ತು ಕೆಲಸ ನೆನಪಾಯಿತು. ಮಗಳು ಹಾಳೆಯಲ್ಲಿ ಉತ್ತರದ ಜಾಗದಲ್ಲಿ 'ಕಾಣುವುದಿಲ್ಲ' ಎಂದು ಬರೆದದ್ದನ್ನು ರಬ್ಬರಿನಿಂದ ಗಸಗಸ ಅಳಿಸಿ, 'ಕಾಣುತ್ತದೆ' ಎಂದು ಮೊದಲಿಗಿಂತ ದಪ್ಪಗೆ ಬರೆದಳು. ಕನ್ನಡಕದವರ ಎದೆಯ ಮುಳ್ಳು ಆ ಕ್ಷಣ ಕಳಚಿತು. ಅವರು ಅಂಗಿಯ ಕಾಲರ್ ಸರಿಮಾಡಿಕೊಂಡು, ಸುತ್ತ ನಿಂತವರಿಗೆಲ್ಲ ಕೇಳುವಂತೆ, "ನೋಡೋ ಕಣ್ಣು ನಮ್ಮದು. ಹೇಳ್ಕೊಳ್ಳೋದಿಲ್ಲ, ಅಷ್ಟೆ. ಮನೇಲಿ ಏನೇ ಬದಲಾದ್ರೂ ನನ್ನ ಕಣ್ಣಿಗೆ ಬೀಳದೆ ಇರಲ್ಲ," ಎಂದರು.

ಅಷ್ಟಕ್ಕೇ ನಿಲ್ಲಿಸಿ ಮನೆಗೆ ಹೋಗಬಹುದಿತ್ತು.

"ಹಾಗಾದ್ರೆ ಎರಡನೇ ಭಾಗ ತೋರಿಸಮ್ಮ," ಎಂದರು ಮಿಸ್.

"ಎರಡನೇ ಭಾಗನಾ?" ಎಂದರು ಕನ್ನಡಕದವರು.

"ಒಂದೇ ಸಲ ನೋಡಿ ತೀರ್ಮಾನಕ್ಕೆ ಬರಬಾರದು ಅಂತ ಮಿಸ್ ಹೇಳಿದಾರೆ ಅಪ್ಪ. ಇನ್ನೊಂದು ವಸ್ತು ಇಟ್ಟೂ ನೋಡಬೇಕು." ಮಗಳು ಪರದೆಯ ಕೆಳಗಿನ ಅರ್ಧವನ್ನೂ ಸರಿಸಿದಳು.

ಅಲ್ಲೂ ಚಿತ್ರಗಳ ಸಾಲು. ಊಟದ ಮೇಜಿನ ಆಚೆ ಅಪ್ಪ, ಈಚೆ ಅಮ್ಮ, ಎದುರುಬದುರು. ಮೊದಲ ಚಿತ್ರದಲ್ಲಿ ಅಮ್ಮನ ಕಣ್ಣಿಗೆ ಕಪ್ಪು ಅಂಚಿನ ಕನ್ನಡಕ. ಎರಡನೆಯದರಿಂದ ಕೊನೆಯವರೆಗೆ ಕಡುಗೆಂಪು ಅಂಚಿನದು. ಅಪ್ಪ ಎಲ್ಲದರಲ್ಲೂ ನೇರ ಅಮ್ಮನ ಮುಖ ನೋಡುತ್ತಲೇ ಊಟ ಮಾಡುತ್ತಿದ್ದರು.

ಕನ್ನಡಕದವರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. ಅವಳು ಕನ್ನಡಕ ತೆಗೆದು, ಬೆಳಿಗ್ಗೆಯಂತೆಯೇ ನಿಧಾನವಾಗಿ ಒರೆಸಿ, ಹಾಕಿಕೊಂಡು, "ಹೇಗಿದೆ?" ಎಂದಳು.

ಕಡುಗೆಂಪು. ಒಳ್ಳೆಯ ಫ್ರೇಮು. ಅವಳ ಮುಖಕ್ಕೆ ತುಂಬ ಒಪ್ಪುತ್ತಿತ್ತು. ಅಂಗಡಿಯವರ ಅಭ್ಯಾಸಬಲದಿಂದ ಅವರ ಬೆರಳುಗಳು ತಾವಾಗಿಯೇ ಹೋಗಿ ಕಿವಿಯ ಹಿಂದಿನ ಕಡ್ಡಿಯನ್ನು ತಿರುಗಿಸಿ ನೋಡಿದವು. ಒಳಬದಿಯಲ್ಲಿ ಚಿಕ್ಕ ಚಿನ್ನದ ಅಕ್ಷರಗಳಲ್ಲಿ ಬಸ್ ನಿಲ್ದಾಣದ ಎದುರಿನ ಆ ಗಾಜಿನ ಬಾಗಿಲಿನ ಅಂಗಡಿಯ ಹೆಸರಿತ್ತು.

"ನಿಮ್ಮ ಅಂಗಡೀಲೇ ತಗೊಳ್ಳೋಣ ಅಂತ ಎರಡು ಸಲ ಬಂದು ನಿಂತಿದ್ದೆ," ಎಂದಳು ಹೆಂಡತಿ. ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ. "ಯಾರೋ ಗಿರಾಕಿ ಅಂದ್ಕೊಂಡು, ಯಾವ ನಂಬರ್ ಬೇಕಮ್ಮಾ ಅಂತ ಕೇಳಿದ್ರಿ. ಬೇಡ ಅಂತ ಬಂದ್ಬಿಟ್ಟೆ."

ಸಭಾಂಗಣದಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಕತ್ತು ಚಾಚಿ ಕಾಯುತ್ತಿದ್ದರು. ಕನ್ನಡಕದವರು, "ಚೆನ್ನಾಗಿದೆ," ಎಂದರು.

ಮಗಳು ಪೆನ್ಸಿಲ್ ಹಿಡಿದು ಹಾಳೆಯ ಕೊನೆಯ ಖಾಲಿ ಜಾಗದ ಬಳಿ ನಿಂತಿದ್ದಳು. ಅಪ್ಪನನ್ನು ಗೆಲ್ಲಿಸಬೇಕೆಂಬ ಆಸೆ ಅವಳ ಮುಖದ ಮೇಲೆಲ್ಲ ಬರೆದಿತ್ತು. ಆದರೆ ಅವಳು ಪ್ರಾಮಾಣಿಕ ಸಂಶೋಧಕಿ.

"ಅಪ್ಪ, ಇವತ್ತು ನೋಡಿದ್ರಿ ಅಂತ ಬರೀಲಾ," ಎಂದು ಕೇಳಿದಳು, "ಇಲ್ಲಾ, ತೋರಿಸಿದ ಮೇಲೆ ನೋಡಿದ್ರಿ ಅಂತ ಬರೀಲಾ?"